ತಾತ್ಕಾಲಿಕ ಎಂದರೆ ಎಷ್ಟು ದಿನ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಧರ್ಮಪುರಿ, ಸೇಲಂ ಕಡೆಯ ಕನ್ನಡ ಮನೆಗಳಿಂದ ಬಂದಿವೆ. ಕಂಬೈನಲ್ಲೂರಿನ ವಿದ್ಯಾರ್ಥಿನಿಯೊಬ್ಬರು ರೋಮ್ ಬಗ್ಗೆ ಕೇಳಿದ್ದಾರೆ. ಉಳಿದವರು ತಮ್ಮ ತಮ್ಮ ಊರಿನ ಸಂಗತಿ ಬರೆದಿದ್ದಾರೆ. ಓದುತ್ತ ಹೋದಂತೆ ಇವೆಲ್ಲ ಒಂದೇ ಪ್ರಶ್ನೆಯ ಕವಲುಗಳು ಅನ್ನಿಸಿತು. ಹಾಗಾಗಿ ಒಟ್ಟಿಗೇ ಉತ್ತರಿಸುತ್ತಿದ್ದೇನೆ.

ನಾನು ಬಿ.ಎ. ಇತಿಹಾಸ ಓದುತ್ತಿದ್ದೇನೆ. ಜೂಲಿಯಸ್ ಸೀಸರ್ ರೋಮಿನ ಗಣರಾಜ್ಯವನ್ನು ಮುಗಿಸಿದ ಎಂದು ಪಾಠದಲ್ಲಿದೆ. ಹೆಚ್ಚುಕಡಿಮೆ ಐನೂರು ವರ್ಷ ನಡೆದದ್ದನ್ನು ಒಬ್ಬ ಮನುಷ್ಯ ಮುರಿಯಬಹುದಾದರೆ 75 ವರ್ಷ ದಾಟಿದ ನಮ್ಮದರ ಗತಿ ಏನು? ಮನೆಯಲ್ಲಿ ತಾತ ಮಾತ್ರ “ಗಟ್ಟಿ ಮನುಷ್ಯ ಒಬ್ಬ ಬಂದರೆ ಎಲ್ಲ ಸರಿಹೋಗುತ್ತೆ” ಅನ್ನುತ್ತಾರೆ. ನನಗೆ ಹೆದರಿಕೆಯಾಗುತ್ತದೆ.
– ವಿದ್ಯಾರ್ಥಿನಿ, ಕಂಬೈನಲ್ಲೂರು

ನಿಮ್ಮ ಹೆದರಿಕೆಯಲ್ಲಿ ತಪ್ಪೇನಿಲ್ಲ. ಆದರೆ ಪಾಠದ ಆ ಒಂದು ವಾಕ್ಯ ಅವಸರದ್ದು. ಸೀಸರ್ ಹುಟ್ಟುವ ಮೊದಲೇ ರೋಮಿನ ಗೋಡೆ ಬಿರುಕು ಬಿಟ್ಟಿತ್ತು. ಅವನು ಕೊನೆಗೆ ಬಂದು ಕೈ ಇಟ್ಟ, ಅಷ್ಟೆ.

ಕ್ರಿ.ಪೂ. 133ರಿಂದ ನೋಡಿ. ಟೈಬೀರಿಯಸ್ ಗ್ರಾಕಸ್ ಎಂಬ ಟ್ರಿಬ್ಯೂನ್ (ಸಾಮಾನ್ಯ ಜನರ ಪರವಾಗಿ ಆಯ್ಕೆಯಾಗುತ್ತಿದ್ದ ಅಧಿಕಾರಿ) ಒಂದು ಭೂಸುಧಾರಣೆ ತಂದ. ಸರ್ಕಾರಿ ಜಮೀನನ್ನು ಒಬ್ಬೊಬ್ಬರು 500 ಯೂಗೆರಾ, ನಮ್ಮ ಲೆಕ್ಕದಲ್ಲಿ ಸುಮಾರು 310 ಎಕರೆ ಮೀರಿ ಇಟ್ಟುಕೊಳ್ಳುವಂತಿಲ್ಲ, ಹೆಚ್ಚಿನದನ್ನು ಬಡವರಿಗೆ ಹಂಚಬೇಕು ಎಂದ. ಇನ್ನೊಬ್ಬ ಟ್ರಿಬ್ಯೂನ್ ಅಡ್ಡಗಾಲು ಹಾಕಿದಾಗ ಅವನನ್ನು ಮತ ಹಾಕಿಸಿ ಹುದ್ದೆಯಿಂದ ಇಳಿಸಿದ. ಅದು ಹಿಂದೆಂದೂ ನಡೆಯದ ಕೆಲಸ. ಇದಕ್ಕೆ ಸೆನೆಟ್ಟಿನವರು (ಹಿರಿಯ ಮನೆತನಗಳ ಸಭೆ) ಕೊಟ್ಟ ಉತ್ತರ ಇನ್ನೂ ಘೋರ. ಮುರಿದ ಬೆಂಚಿನ ಕಾಲುಗಳನ್ನು ಹಿಡಿದು ಬಂದು ಗ್ರಾಕಸ್‌ನನ್ನೂ ಅವನ ಕಡೆಯ ಸುಮಾರು 300 ಜನರನ್ನೂ ಹೊಡೆದು ಕೊಂದು ಹೆಣಗಳನ್ನು ಟೈಬರ್ ನದಿಗೆ ಎಸೆದರು. ಎರಡೂ ಕಡೆಯವರ ನಡೆ ಹೇಳಿದಂತಿದ್ದುದು ಒಂದೇ ಮಾತು: “ಈ ಸಲಕ್ಕೆ ಮಾತ್ರ.”

ಆಮೇಲೆ ಆ “ಈ ಸಲಕ್ಕೆ ಮಾತ್ರ” ನಿಲ್ಲಲೇ ಇಲ್ಲ. ಕ್ರಿ.ಪೂ. 107ರಲ್ಲಿ ಮಾರಿಯಸ್ ಎಂಬ ದಂಡನಾಯಕ ಜಮೀನಿಲ್ಲದವರನ್ನು ಸೈನ್ಯಕ್ಕೆ ಸೇರಿಸಿಕೊಂಡ. ಅದು ಒಳ್ಳೆಯ ಕೆಲಸದಂತೆಯೇ ಕಾಣುತ್ತದೆ. ಆದರೆ ನಿವೃತ್ತಿಯಾದ ಸಿಪಾಯಿಗೆ ತುಂಡು ನೆಲ ಕೊಡಿಸುವವನು ದಂಡನಾಯಕನೇ ಆದಾಗ ಸಿಪಾಯಿಯ ನಿಷ್ಠೆ ಊರನ್ನು ಬಿಟ್ಟು ದಂಡನಾಯಕನ ಕಡೆಗೆ ಹೊರಳಿತು. ಅದೇ ಮಾರಿಯಸ್ ಒಟ್ಟು ಏಳು ಸಲ ಕಾನ್ಸಲ್ (ವರ್ಷಕ್ಕೆ ಇಬ್ಬರಂತೆ ಆಯ್ಕೆಯಾಗುವ ಮುಖ್ಯ ಅಧಿಕಾರಿ) ಆದ. ಕ್ರಿ.ಪೂ. 88ರಲ್ಲಿ ಸುಲ್ಲಾ ಎಂಬ ಇನ್ನೊಬ್ಬ ದಂಡನಾಯಕ ತನ್ನದೇ ಊರಾದ ರೋಮಿನ ಮೇಲೆ ದಂಡು ನಡೆಸಿದ. ಸೀಸರ್ ದಂಡಿನೊಂದಿಗೆ ರೂಬಿಕಾನ್ ಹೊಳೆ ದಾಟಿ ರೋಮಿನತ್ತ ಹೊರಟದ್ದು ಕ್ರಿ.ಪೂ. 49ರಲ್ಲಿ. ಅಷ್ಟರಲ್ಲಿ ದಾರಿ ಸವೆದು ಹೆದ್ದಾರಿಯಾಗಿತ್ತು.

ಇದರಲ್ಲಿ ನಿಮಗೆ ಧೈರ್ಯದ ಮಾತೂ ಇದೆ. ಒಂದೇ ಏಟಿಗೆ ಬೀಳುವುದಲ್ಲ ಎಂದ ಮೇಲೆ ನಡುವೆ ತಡೆಯಲು ಸಮಯವೂ ಸಿಗುತ್ತದೆ. ರೋಮಿನವರು ಜಮೀನಿನ ಪ್ರಶ್ನೆಗೆ ದೊಣ್ಣೆ ಹಿಡಿದರು. ಅದೇ ಪ್ರಶ್ನೆ ಕರ್ನಾಟಕದಲ್ಲಿ ಎದ್ದಾಗ 1974ರಲ್ಲಿ ದೇವರಾಜ ಅರಸು ಸರ್ಕಾರ ಕಾನೂನು ತಿದ್ದಿತು, ಭೂನ್ಯಾಯ ಮಂಡಳಿಗಳ ಮುಂದೆ ಗೇಣಿದಾರರು ಅರ್ಜಿ ಹಿಡಿದು ನಿಂತರು. ಜಗಳಗಳಾದವು, ಕೋರ್ಟು ಕಚೇರಿ ಅಲೆದಾಟವಾಯಿತು. ಆದರೂ ಜಮೀನು ಕೈ ಬದಲಾಯಿಸಿದ್ದು ಕಾಗದದ ಮೇಲೆ.

ಇನ್ನು ತಾತನ ಮಾತು. ಅವರ ಜೊತೆ ವಾದಕ್ಕೆ ಇಳಿಯಬೇಡಿ. “ತಾತ, ಯಾವ ಕೆಲಸ ಆಗದೆ ನಿಮಗೆ ಬೇಜಾರಾಗಿದೆ?” ಎಂದು ಕೇಳಿ. ಬಹುಶಃ ಪಟ್ಟಾ ಬದಲಾವಣೆಯೋ ಪಿಂಚಣಿಯೋ ಇರುತ್ತದೆ. ದಣಿವು ನಿಜವಾದದ್ದು, ಅವರು ಹುಡುಕಿಕೊಂಡ ಮದ್ದು ಮಾತ್ರ ಸರಿಯಲ್ಲ. ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಕೊನೆಯ ದೊಡ್ಡ ಭಾಷಣ ಮಾಡಿದಾಗ ಇದನ್ನೇ ಎಚ್ಚರಿಸಿದ್ದರು. ಧರ್ಮದಲ್ಲಿ ಭಕ್ತಿ ಮುಕ್ತಿಯ ದಾರಿಯಾಗಬಹುದು, ರಾಜಕೀಯದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೇ ಒಯ್ಯುತ್ತದೆ ಎಂಬುದು ಅವರ ಮಾತಿನ ಸಾರ. ಗ್ರಂಥಾಲಯದಲ್ಲಿ ಆ ಭಾಷಣ ಸಿಗುತ್ತದೆ. ತಾತನಿಗೆ ಓದಿ ಹೇಳಿ. ಬೇಸರ ಬಂದರೆ ಅರ್ಧಕ್ಕೆ ನಿಲ್ಲಿಸಿದರೂ ಪರವಾಗಿಲ್ಲ.

ನಮ್ಮದು ಕಂಬೈನಲ್ಲೂರು ಪಕ್ಕದ ಹಳ್ಳಿ. 2025ರ ಜನವರಿಯಲ್ಲಿ ಪಂಚಾಯ್ತಿ ಪ್ರೆಸಿಡೆಂಟರ ಅವಧಿ ಮುಗಿದು ಅಧಿಕಾರಿಯ ಕೈಗೆ ಹೋಯಿತು. ಸುಳ್ಳೇಕೆ, ಬೀದಿ ದೀಪ, ಪೈಪ್‌ಲೈನ್ ಕೆಲಸ ಮೊದಲಿಗಿಂತ ಬೇಗ ಆದವು. ನನ್ನ ಮಗ “ಹಾಗಾದರೆ ಎಲೆಕ್ಷನ್ ಯಾಕೆ, ದಂಡದ ಖರ್ಚು” ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಹಾಗೆಯೇ ಬಿಟ್ಟರೆ ಏನಾದರೂ ಕೆಡುತ್ತದೆಯೇ?
– ರೈತರು, ಧರ್ಮಪುರಿ ಜಿಲ್ಲೆ

ಮೊದಲು ಸಮಾಧಾನದ ಮಾತು: ಅಧಿಕಾರಿಯ ಕಾಲದಲ್ಲಿ ಕೆಲಸ ಆಯಿತು ಎಂದು ಒಪ್ಪಿಕೊಂಡರೆ ನೀವು ಪ್ರಜಾಪ್ರಭುತ್ವದ ವೈರಿಯಾಗುವುದಿಲ್ಲ. ಒಳ್ಳೆಯ ಅಧಿಕಾರಿಗಳಿದ್ದಾರೆ, ಕೆಟ್ಟ ಪ್ರೆಸಿಡೆಂಟರೂ ಇದ್ದಾರೆ. ನೀವು ಕೇಳಬೇಕಾದ್ದು ಬೇರೆ: ಆ ಅಧಿಕಾರಿಯ ಅವಧಿ ಎಂದು ಮುಗಿಯುತ್ತದೆ, ಕೆಲಸ ಆಗದಿದ್ದರೆ ನೀವು ಯಾರನ್ನು ಇಳಿಸಬಹುದು?

ರೋಮಿನವರು ಈ ವಿಷಯದಲ್ಲಿ ನಮಗಿಂತ ಜಾಣರಾಗಿದ್ದರು, ಬಹಳ ಕಾಲ. ಆಪತ್ತು ಬಂದಾಗ ಅವರೂ ಒಬ್ಬನ ಕೈಗೆ ಎಲ್ಲ ಅಧಿಕಾರ ಕೊಡುತ್ತಿದ್ದರು. ಆ ಹುದ್ದೆಯ ಹೆಸರೇ ಡಿಕ್ಟೇಟರ್. ಆಗ ಅದು ಬೈಗುಳವಾಗಿರಲಿಲ್ಲ, ಕಾನೂನಿನಲ್ಲೇ ಇದ್ದ ಹುದ್ದೆ. ಒಂದು ಕಟ್ಟುಪಾಡು ಮಾತ್ರ ಬಿಗಿಯಾಗಿತ್ತು: ಆರು ತಿಂಗಳು, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಸಿನ್ಸಿನಾಟಸ್ ಎಂಬ ರೈತ ಕ್ರಿ.ಪೂ. 458ರಲ್ಲಿ ನೇಗಿಲು ಬಿಟ್ಟು ಬಂದು, ಯುದ್ಧ ಗೆದ್ದು, ಹದಿನಾರನೆಯ ದಿನ ಅಧಿಕಾರ ಬಿಟ್ಟು ಹೊಲಕ್ಕೆ ಮರಳಿದ ಎಂಬುದು ಅವರು ಮಕ್ಕಳಿಗೆ ಹೇಳುತ್ತಿದ್ದ ಕಥೆ. ಕಾರ್ಥೇಜಿನ ದಂಡನಾಯಕ ಹ್ಯಾನಿಬಲ್ ಜೊತೆಗಿನ ಯುದ್ಧ ಮುಗಿಯುತ್ತ ಬಂದ ಮೇಲೆ ನೂರಿಪ್ಪತ್ತು ವರ್ಷ ಆ ಹುದ್ದೆಯನ್ನು ಯಾರೂ ಮುಟ್ಟಲಿಲ್ಲ. ಕ್ರಿ.ಪೂ. 82ರಲ್ಲಿ ಸುಲ್ಲಾ ಅದನ್ನು ಎತ್ತಿಕೊಂಡ, ಅವಧಿಯೇ ಇಲ್ಲದೆ.

ಆ ಮೇಲೆ ಸೀಸರ್ ಹತ್ತಿದ ಮೆಟ್ಟಿಲು ನೋಡಿ. ಕ್ರಿ.ಪೂ. 49ರಲ್ಲಿ ಡಿಕ್ಟೇಟರ್ ಆದದ್ದು ಹನ್ನೊಂದು ದಿನಕ್ಕೆ. ಮರುವರ್ಷ ಒಂದು ವರ್ಷಕ್ಕೆ. ಕ್ರಿ.ಪೂ. 46ರಲ್ಲಿ ಹತ್ತು ವರ್ಷಕ್ಕೆ. 44ರ ಆರಂಭದಲ್ಲಿ ಜೀವನಪರ್ಯಂತ. ಅದಾಗಿ ಕೆಲವೇ ವಾರಗಳಿಗೆ, ಮಾರ್ಚ್ 15ರಂದು, ಅವನನ್ನು ಕೊಂದರು. ಕೊಂದದ್ದರಿಂದ ಏನೂ ಉಳಿಯಲಿಲ್ಲ ಎಂಬುದನ್ನು ಮರೆಯಬಾರದು. ಮತ್ತೆ ಸುಮಾರು ಹದಿನಾಲ್ಕು ವರ್ಷ ರಕ್ತ ಹರಿಯಿತು. ಡಿಕ್ಟೇಟರ್ ಹುದ್ದೆಯನ್ನೇ ಕಾನೂನು ಮಾಡಿ ರದ್ದುಪಡಿಸಿದರು. ಸೀಸರನ ಸಾಕುಮಗ ಅಗಸ್ಟಸ್ ಕ್ರಿ.ಪೂ. 27ರಲ್ಲಿ ಗಣರಾಜ್ಯವನ್ನು ಜನರಿಗೆ ಹಿಂದಿರುಗಿಸುತ್ತಿದ್ದೇನೆ ಎಂದು ಘೋಷಿಸಿ ಪ್ರಾಂತಗಳ ಅಧಿಕಾರವನ್ನು “ಹತ್ತು ವರ್ಷಕ್ಕೆ ಮಾತ್ರ” ಪಡೆದ. ಹತ್ತು ತುಂಬಿದಾಗ ನವೀಕರಣ. ಮತ್ತೆ ನವೀಕರಣ. ಸೆನೆಟ್ ಕೂಡುತ್ತಿತ್ತು, ಕಾನ್ಸಲ್‌ಗಳು ಆಯ್ಕೆಯಾಗುತ್ತಿದ್ದರು, ಹೆಸರೆಲ್ಲ ಹಳೆಯದೇ. ಅವನು ಸತ್ತಾಗ ಹಳೆಯ ಪದ್ಧತಿಯನ್ನು ಕಣ್ಣಾರೆ ಕಂಡವರು ಊರಲ್ಲಿ ಬಹಳ ಕಡಿಮೆ ಉಳಿದಿದ್ದರು.

ಈಗ ನಿಮ್ಮ ಜಿಲ್ಲೆಗೆ ಬರೋಣ. ಸಂವಿಧಾನದ 243-ಇ ವಿಧಿ (1993ರ ಏಪ್ರಿಲ್ 24ರಿಂದ ಜಾರಿಯಲ್ಲಿರುವ 73ನೇ ತಿದ್ದುಪಡಿಯದು) ಪಂಚಾಯ್ತಿಗೆ ಐದು ವರ್ಷ ಎಂದು ಹೇಳಿ, ಆ ಅವಧಿ ಮುಗಿಯುವುದರೊಳಗೆ ಮುಂದಿನ ಚುನಾವಣೆ ಮುಗಿದಿರಬೇಕು ಎನ್ನುತ್ತದೆ. 2006ರಲ್ಲಿ ಸುಪ್ರೀಂ ಕೋರ್ಟ್ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಇದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿತು. ನಡೆದದ್ದು ಏನು? ತಮಿಳುನಾಡಿನಲ್ಲಿ 2011ರಲ್ಲಿ ಆರಿಸಿಬಂದವರ ಅವಧಿ 2016ರ ಅಕ್ಟೋಬರಿಗೆ ಮುಗಿಯಿತು. ಮೀಸಲಾತಿಯ ತಕರಾರು ಕೋರ್ಟಿಗೆ ಹೋಗಿ ಚುನಾವಣೆ ನಿಂತಿತು. ಆಗ “ತನಿ ಅಲುವಲರ್” (ವಿಶೇಷಾಧಿಕಾರಿ) ಬಂದರು. ಅವರ ಅವಧಿಯನ್ನು ಆರಾರು ತಿಂಗಳಿನಂತೆ ಮುಂದೆ ಹಾಕುತ್ತ ಹೋದರು. ಹಳ್ಳಿಗಳಿಗೆ ಚುನಾವಣೆ ಬಂದದ್ದು 2019ರ ಡಿಸೆಂಬರ್ 27 ಮತ್ತು 30ರಂದು. ಕಂಬೈನಲ್ಲೂರು ಪೇರೂರಾಟ್ಚಿ (ಪಟ್ಟಣ ಪಂಚಾಯ್ತಿ) ಆದ್ದರಿಂದ ಅಲ್ಲಿಯವರು 2022ರ ಫೆಬ್ರವರಿ 19ರ ತನಕ ಕಾದರು. ಐದು ವರ್ಷದ ಒಂದು ಪೂರ್ತಿ ಅವಧಿಯೇ ಚುನಾಯಿತ ಸದಸ್ಯರಿಲ್ಲದೆ ಕಳೆದುಹೋಯಿತು. 2025ರ ಜನವರಿ 5ಕ್ಕೆ ನಿಮ್ಮ ಹಳ್ಳಿಯದು ಮತ್ತೆ ಖಾಲಿಯಾಯಿತು.

ಇದು ತಮಿಳುನಾಡಿನವರ ದೋಷ ಎಂದುಕೊಳ್ಳಬೇಡಿ. ಗಡಿಯಾಚೆ ನಮ್ಮವರೂ ಕಡಿಮೆಯಿಲ್ಲ. ಅಬ್ದುಲ್ ನಜೀರ್ ಸಾಬ್ ಕಟ್ಟಿದ ಪಂಚಾಯತ್ ವ್ಯವಸ್ಥೆಯಿಂದ ದೇಶಕ್ಕೇ ಮಾದರಿ ಎನಿಸಿಕೊಂಡ ಕರ್ನಾಟಕದಲ್ಲಿ 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗಳು ವರ್ಷಗಟ್ಟಲೆ ಸದಸ್ಯರಿಲ್ಲದೆ ಉಳಿದವು. ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರು 2020ರ ಸೆಪ್ಟೆಂಬರಿನಲ್ಲಿ ಮನೆಗೆ ಹೋದ ಮೇಲೆ ಆಡಳಿತಾಧಿಕಾರಿಯದೇ ಕಾರುಬಾರು ನಡೆಯಿತು. ಬೇರೆ ಬೇರೆ ಪಕ್ಷ, ಬೇರೆ ಬೇರೆ ನೆಪ. ಊರಲ್ಲಿ ಕೇಳಿದವರು ಕಡಿಮೆ ಎಂಬುದೊಂದೇ ಎಲ್ಲ ಕಡೆಗೂ ಸಮಾನ.

ಮಗನಿಗೆ ಖರ್ಚಿನ ಚಿಂತೆ ಇದ್ದರೆ ಖರ್ಚಿನ ಭಾಷೆಯಲ್ಲೇ ಹೇಳಿ. ಕೇಂದ್ರ ಹಣಕಾಸು ಆಯೋಗದ ಅನುದಾನ ಸಿಗಬೇಕಾದರೆ ಸ್ಥಳೀಯ ಸಂಸ್ಥೆಯಲ್ಲಿ ಚುನಾಯಿತ ಸದಸ್ಯರಿರಬೇಕು ಎಂಬ ಷರತ್ತಿದೆ. ಚುನಾವಣೆ ನಿಂತ ವರ್ಷಗಳಲ್ಲಿ ತಮಿಳುನಾಡಿಗೆ ಬರಬೇಕಾದ ಆ ಹಣಕ್ಕೆ ತಡೆ ಬಿತ್ತು. ದೀಪದ ಕಂಬಕ್ಕೂ ಪೈಪಿಗೂ ಬರುವ ಹಣದಲ್ಲಿ ಅದೂ ಸೇರಿದೆ. ನಿಮ್ಮ ಮಗ ಆಳು ಇಟ್ಟು ಹೊಲ ಮಾಡಿಸಿದರೆ ವರ್ಷದ ಕೊನೆಗೆ ಲೆಕ್ಕ ಕೇಳುವ ಹಕ್ಕನ್ನು ಬಿಟ್ಟುಕೊಡುತ್ತಾರೆಯೇ?

ಸೇಲಂನಲ್ಲಿ ನಮ್ಮದು ದೇವಾಂಗದವರ ಮನೆ, ಮಗ್ಗದ ಕೆಲಸ. ಎಲೆಕ್ಷನ್ ಸಮಯದಲ್ಲಿ ಕವರ್ ಕೊಟ್ಟರು. ಬೇಡ ಎಂದರೆ ಎದುರು ಪಾರ್ಟಿಯವರು ಅಂದುಕೊಳ್ಳುತ್ತಾರೆಂದು ತೆಗೆದುಕೊಂಡೆ. ಕೊಟ್ಟವರು ಚೌಡೇಶ್ವರಿ ಅಮ್ಮನ ಮೇಲೆ ಆಣೆ ಮಾಡಿಸಿಕೊಂಡರು. ನಾನು ಬೇರೆಯವರಿಗೆ ಹಾಕಿದೆ. ಅಂದಿನಿಂದ ಮನೆಯಲ್ಲಿ ಏನೇ ಆದರೂ, ಮಗುವಿಗೆ ಜ್ವರ ಬಂದರೂ, ಅದೇ ನೆನಪಾಗುತ್ತದೆ. ಯಾರಿಗೂ ಹೇಳಿಲ್ಲ.
– ಗೃಹಿಣಿ, ಸೇಲಂ

ಅಮ್ಮಾ, ಈ ಭಾರವನ್ನು ಇಷ್ಟು ದಿನ ಒಬ್ಬರೇ ಹೊತ್ತಿದ್ದೀರಿ. ಮಗುವಿನ ಜ್ವರಕ್ಕೂ ನಿಮ್ಮ ಓಟಿಗೂ ಸಂಬಂಧವಿಲ್ಲ. ಮಗುವನ್ನು ಡಾಕ್ಟರಿಗೆ ತೋರಿಸಿ, ಆ ಭಯವನ್ನು ಅಲ್ಲಿಗೇ ಬಿಡಿ.

ಆಣೆಯ ಬಗ್ಗೆ ನಾನು ಪುರೋಹಿತನಂತೆ ಮಾತಾಡಲಾರೆ. ನನಗೆ ತೋರುವುದು ಇಷ್ಟು: ಹೆದರಿಸಿ ಪಡೆದ ಮಾತು ಮಾತಲ್ಲ. ಕಾನೂನೂ ಹಾಗೆಯೇ ಹೇಳುತ್ತದೆ. ಕೆಟ್ಟ ಕೆಲಸಕ್ಕೆ ಮಾಡಿಕೊಂಡ ಕರಾರಿಗೆ ಬೆಲೆಯಿಲ್ಲ. ಚೌಡೇಶ್ವರಿ ನಿಮ್ಮ ಕುಲದ ತಾಯಿ, ಕವರ್ ಹಂಚುವವರ ಜಾಮೀನುದಾರಳಲ್ಲ. ಮನಸ್ಸು ಒಪ್ಪದಿದ್ದರೆ ಗುಡಿಗೆ ಹೋಗಿ, ನಡೆದದ್ದನ್ನು ಅಮ್ಮನಿಗೇ ಹೇಳಿ ಬನ್ನಿ. ಅದು ನಿಮ್ಮ ಸಮಾಧಾನಕ್ಕೆ.

ಇನ್ನು ನೀವು ಬೇರೆಯವರಿಗೆ ಹಾಕಿದ್ದು ಅವರಿಗೆ ಗೊತ್ತಾಗುತ್ತದೆಯೇ ಎಂಬ ಹೆದರಿಕೆ. ಗೊತ್ತಾಗುವುದಿಲ್ಲ. “ಬೂತಿನಲ್ಲಿ ಯಾರು ಯಾರಿಗೆ ಹಾಕಿದರೆಂದು ನಮಗೆ ತಿಳಿಯುತ್ತದೆ” ಎಂದು ಹೇಳುವುದು ಹೆದರಿಸುವ ತಂತ್ರ. ರೋಮಿನಲ್ಲಿ ಮೊದಲು ಬಾಯಿಬಿಟ್ಟು ಮತ ಹೇಳಬೇಕಿತ್ತು, ದೊಡ್ಡವರು ಎದುರಿಗೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಕ್ರಿ.ಪೂ. 139ರಲ್ಲಿ ಅಧಿಕಾರಿಗಳ ಚುನಾವಣೆಗೆ ಗುಪ್ತ ಮತದಾನ ಬಂತು. ಮೇಣದ ಹಲಗೆಯ ಮೇಲೆ ಬರೆದು ಹಾಕುವುದು. ಆಗಲೂ ಮತ ಹಾಕಲು ಸಾಗುವ ಕಿರುಸೇತುವೆಯ ಮೇಲೆ ದಲ್ಲಾಳಿಗಳು ನಿಂತು ಇಣುಕುತ್ತಿದ್ದರು. ಕ್ರಿ.ಪೂ. 119ರಲ್ಲಿ ಮಾರಿಯಸ್ ಆ ಸೇತುವೆಗಳನ್ನೇ ಕಿರಿದು ಮಾಡಿಸಿದ, ಪಕ್ಕದಲ್ಲಿ ನಿಲ್ಲಲು ಜಾಗವೇ ಇಲ್ಲದಂತೆ. ಆಮೇಲೆ ರೋಮನ್ನು ಹಾಳುಮಾಡಿದವರ ಸಾಲಿನಲ್ಲಿ ನಿಂತವನೂ ಅವನೇ. ಮನುಷ್ಯರು ಹೀಗೇ, ಒಂದೇ ಬಣ್ಣದವರಲ್ಲ.

ಹಣ ಹಂಚುವುದು ಅಲ್ಲಿ ಒಂದು ಕಸುಬೇ ಆಗಿತ್ತು. ಹಂಚುವವನು ಬೇರೆ, ಫಲಿತಾಂಶ ಬರುವ ತನಕ ಹಣವನ್ನು ಹಿಡಿದಿಟ್ಟುಕೊಳ್ಳುವವನು ಬೇರೆ. ಕ್ರಿ.ಪೂ. 54ರ ಚುನಾವಣೆಗೆ ಅಭ್ಯರ್ಥಿಗಳು ಎಷ್ಟು ಸಾಲ ಎತ್ತಿದರೆಂದರೆ ರೋಮಿನಲ್ಲಿ ಬಡ್ಡಿದರ ವರ್ಷಕ್ಕೆ ನೂರಕ್ಕೆ 4ರಿಂದ 8ಕ್ಕೆ ಏರಿತು ಎಂದು ಸಿಸೆರೊ ಎಂಬ ರಾಜಕಾರಣಿ ಗೆಳೆಯನಿಗೆ ಬರೆದ ಕಾಗದದಿಂದ ತಿಳಿಯುತ್ತದೆ. ಗಲಾಟೆಯಲ್ಲಿ ಚುನಾವಣೆ ಮುಂದೆ ಹೋಗಿ, ಮುಂದಿನ ವರ್ಷ ಅರ್ಧದಷ್ಟು ಕಾಲ ಕಾನ್ಸಲ್‌ಗಳೇ ಇರಲಿಲ್ಲ. ಲಂಚ ಕೊಟ್ಟವನಿಗೆ ಹತ್ತು ವರ್ಷ ಗಡೀಪಾರು ಎಂದು ಸಿಸೆರೊ ತಾನೇ ಕ್ರಿ.ಪೂ. 63ರಲ್ಲಿ ಕಾನೂನು ತಂದಿದ್ದ. ಕಾನೂನು ಇತ್ತು, ಜನ ಕೈ ಚಾಚುತ್ತಲೇ ಇದ್ದರು. ಗೆದ್ದವನು ಪ್ರಾಂತಕ್ಕೆ ಅಧಿಕಾರಿಯಾಗಿ ಹೋಗಿ ಅಲ್ಲಿಯ ಬಡವರಿಂದ ಸಾಲವನ್ನು ಬಡ್ಡಿಸಮೇತ ಎತ್ತುತ್ತಿದ್ದ.

ನಮ್ಮಲ್ಲಿ ಕನಿಷ್ಠ ಕೆಲವು ಸಲವಾದರೂ ಚುನಾವಣಾ ಆಯೋಗ ಕಣ್ಣು ಕೆಂಪಗೆ ಮಾಡಿದೆ. 2016ರಲ್ಲಿ ಅರವಕುರಿಚಿ ಮತ್ತು ತಂಜಾವೂರು, 2017ರಲ್ಲಿ ಚೆನ್ನೈನ ಆರ್.ಕೆ. ನಗರ ಉಪಚುನಾವಣೆ, 2019ರ ಏಪ್ರಿಲ್‌ನಲ್ಲಿ ವೇಲೂರು ಲೋಕಸಭಾ ಕ್ಷೇತ್ರ: ಹಣದ ಹಾವಳಿಯಿಂದಾಗಿ ಮತದಾನವೇ ರದ್ದಾಯಿತು. ವೇಲೂರಿನವರು ಆಗಸ್ಟ್ 5ರಂದು ಮತ್ತೆ ಓಟು ಹಾಕಿದರು.

ಕಟುವಾದ ಒಂದು ಮಾತನ್ನೂ ಮುಚ್ಚಿಡಬಾರದು. ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಮಿನ ಪ್ರಕಾರ ಓಟಿಗೆ ಹಣ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಶಿಕ್ಷೆ ಒಂದು ವರ್ಷದವರೆಗಿನ ಸೆರೆ, ದಂಡ, ಅಥವಾ ಎರಡೂ. ಇದನ್ನು ಹೇಳಿದ್ದು ನಿಮ್ಮನ್ನು ಬೆದರಿಸಲಿಕ್ಕಲ್ಲ, ಮುಂದಿನ ಸಲಕ್ಕೆ. ಬಾಗಿಲಿಗೆ ಬಂದವರಿಗೆ “ನಮ್ಮ ಮನೆಯಲ್ಲಿ ಯಾರ ಹತ್ತಿರವೂ ತೆಗೆದುಕೊಳ್ಳುವುದಿಲ್ಲ” ಎಂದುಬಿಡಿ. ‘ನಿಮ್ಮ ಹತ್ತಿರ’ ಎನ್ನದೆ ‘ಯಾರ ಹತ್ತಿರವೂ’ ಎಂದರೆ ನೀವು ಯಾವ ಪಾರ್ಟಿಯವರೂ ಆಗುವುದಿಲ್ಲ. ಓಣಿಯಲ್ಲಿ ನಾಲ್ಕು ಮಗ್ಗದ ಮನೆಯವರು ಕೂಡಿ ಹೀಗೆ ಹೇಳಿದರೆ ಇನ್ನೂ ಸುಲಭ. ಚುನಾವಣೆಯ ಹೊತ್ತಿನಲ್ಲಿ 1950ಕ್ಕೆ ಫೋನ್ ಮಾಡಿ ಸಲಹೆಯನ್ನೂ ಕೇಳಬಹುದು.

ನಾನು ಹೊಸೂರಿನವನು, ಬೆಂಗಳೂರಿನಲ್ಲಿ ಕೆಲಸ. ನಾವು ಒಂದು ಪಾರ್ಟಿಗೆ ಹಾಕಿದ ಓಟು ರೆಸಾರ್ಟ್ ಬಸ್ಸಿನಲ್ಲಿ ಇನ್ನೊಂದು ಪಾರ್ಟಿಗೆ ಹೋಗುತ್ತದೆ. ಇನ್ನು ಓಟು ಹಾಕುವುದೇ ವ್ಯರ್ಥ ಅಲ್ಲವೇ?
– ಓದುಗರು, ಹೊಸೂರು

ನಿಮಗೆ ಮೋಸವಾದಂತೆ ಅನ್ನಿಸಿರುವುದು ಸಹಜ. ಈ ರೋಗ ಹಳೆಯದು. ಕ್ರಿ.ಪೂ. 50ರಲ್ಲಿ ಟ್ರಿಬ್ಯೂನ್ ಆಗಿದ್ದ ಕ್ಯೂರಿಯೊ ಎಂಬವನು ಸೀಸರನ ಕಡು ವಿರೋಧಿಯಾಗಿ ಗೆದ್ದಿದ್ದ. ಅವನ ಬೆಟ್ಟದಂಥ ಸಾಲವನ್ನು ಸೀಸರ್ ತೀರಿಸಿದನಂತೆ. ಕ್ಯೂರಿಯೊ ಕಡೆ ಬದಲಾಯಿಸಿದ. ಅದನ್ನು ಕೇಳುವ ಕಾನೂನಾಗಲಿ ಕೋರ್ಟಾಗಲಿ ಅಲ್ಲಿರಲಿಲ್ಲ. ಮರುವರ್ಷವೇ ಯುದ್ಧ ಶುರುವಾಯಿತು.

ನಮ್ಮಲ್ಲಿ ಕೇಳುವವರಿದ್ದಾರೆ, ತಡವಾಗಿ. ಕರ್ನಾಟಕದಲ್ಲಿ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ 1989ರ ಏಪ್ರಿಲ್‌ನಲ್ಲಿ ಶಾಸಕರು ಬೆಂಬಲ ಹಿಂತೆಗೆದ ಪತ್ರಗಳು ರಾಜ್ಯಪಾಲರ ಕೈ ಸೇರಿದವು. ಕೆಲವರು ನಮ್ಮ ಪತ್ರ ವಾಪಸ್ ಎಂದೂ ಹೇಳಿದರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿ ಕೇಳಿಕೊಂಡರೂ ಅವಕಾಶ ಸಿಗಲಿಲ್ಲ. ಏಪ್ರಿಲ್ 21ರಂದು 356ನೇ ವಿಧಿಯಡಿ (ರಾಷ್ಟ್ರಪತಿ ಆಳ್ವಿಕೆ) ಸರ್ಕಾರ ವಜಾ ಆಯಿತು. ಬೊಮ್ಮಾಯಿ ಬಿಡಲಿಲ್ಲ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಬಹುಮತ ಇದೆಯೋ ಇಲ್ಲವೋ ಎಂಬುದು ರಾಜಭವನದಲ್ಲಿ ತೀರ್ಮಾನವಾಗುವ ವಿಷಯವಲ್ಲ, ಸದನದಲ್ಲಿ ಆಗಬೇಕು. ಅವರಿಗೆ ಕುರ್ಚಿ ಮರಳಲಿಲ್ಲ. ಆದರೆ ಅಲ್ಲಿಂದೀಚೆಗೆ ಯಾವ ರಾಜ್ಯ ಸರ್ಕಾರವನ್ನೇ ಆಗಲಿ ಸುಮ್ಮನೆ ಕಿತ್ತೊಗೆಯುವುದು ಕಷ್ಟವಾಯಿತು. 1976ರ ಜನವರಿ 31ರಂದು ಕರುಣಾನಿಧಿ ಸರ್ಕಾರ ವಜಾ ಆದಾಗ ಈ ರಕ್ಷೆ ಇರಲಿಲ್ಲ. ಹುಬ್ಬಳ್ಳಿ ಕಡೆಯ ಕನ್ನಡಿಗರೊಬ್ಬರು ಹೂಡಿದ ವ್ಯಾಜ್ಯ ಈಗ ಚೆನ್ನೈಯನ್ನೂ ಕಾಯುತ್ತಿದೆ ಎಂಬುದು ನನಗೆ ಇಷ್ಟವಾದ ಸಂಗತಿ.

ಪಕ್ಷಾಂತರ ನಿಷೇಧ ಕಾಯ್ದೆ 1985ರದು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಜನ ಅದಕ್ಕೂ ಸಂದು ಹುಡುಕಿದರು. 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಸ್ಪರ್ಧಿಸಲು ಅಡ್ಡಿಯಿಲ್ಲ ಎಂದಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ ಬಹುಪಾಲು ಜನ ಹೊಸ ಪಕ್ಷದಿಂದ ಗೆದ್ದು ಬಂದರು. ಗೆಲ್ಲಿಸಿದವರು ಕೋರ್ಟಿನವರಲ್ಲ, ನಿಮ್ಮ ನಮ್ಮಂಥವರು. ಆದ್ದರಿಂದ ಓಟು ವ್ಯರ್ಥ ಎಂಬ ನಿಮ್ಮ ಮಾತನ್ನು ಒಪ್ಪಲಾರೆ. ಅದರ ಬಲವನ್ನು ಸರಿಯಾದ ದಿನ ಬಳಸಲಿಲ್ಲ ಎನ್ನಿ, ಒಪ್ಪುತ್ತೇನೆ.

ತುರ್ತುಪರಿಸ್ಥಿತಿಯಲ್ಲಿ ರೈಲು ಸಮಯಕ್ಕೆ ಸರಿಯಾಗಿ ಬರುತ್ತಿದ್ದವು, ಕಚೇರಿಯಲ್ಲಿ ಜನ ಕೂತಿರುತ್ತಿದ್ದರು. ಅದು ಮತ್ತೆ ಬಂದರೆ ಒಳ್ಳೆಯದಲ್ಲವೇ? ಬರುತ್ತದೆಯೇ?
– ನಿವೃತ್ತರು, ಧರ್ಮಪುರಿ

ನಿಮ್ಮ ನೆನಪು ಸುಳ್ಳಲ್ಲ. ಜೊತೆಗೆ ಇದನ್ನೂ ನೆನಪಿಡಿ: 1975ರ ಜೂನ್ 26ರ ಬೆಳಿಗ್ಗೆ ವಾಜಪೇಯಿ, ಅಡ್ವಾಣಿ ಮೊದಲಾದವರನ್ನು ಬೆಂಗಳೂರಿನಲ್ಲಿ ಬಂಧಿಸಿದರು. ಅವರು ಅಲ್ಲಿಗೆ ಬಂದದ್ದು ಸಂಸತ್ತಿನ ಸಮಿತಿಯ ಸಭೆಗೆ, ಆ ಸಭೆಯ ವಿಷಯ ಪಕ್ಷಾಂತರ ತಡೆ. ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲಿ ಆಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು.

ಮತ್ತೆ ಅದೇ ರೀತಿ ತರುವುದು ಈಗ ಸುಲಭವಲ್ಲ. 1978ರ 44ನೇ ತಿದ್ದುಪಡಿಯಾದ ಮೇಲೆ ಬರೀ “ಆಂತರಿಕ ಗಲಭೆ” ಸಾಲದು, ಸಶಸ್ತ್ರ ಬಂಡಾಯ ಇರಬೇಕು. ಮಂತ್ರಿಮಂಡಲ ಬರಹದಲ್ಲಿ ಹೇಳಬೇಕು. ಒಂದು ತಿಂಗಳೊಳಗೆ ಸಂಸತ್ತು ವಿಶೇಷ ಬಹುಮತದಿಂದ ಒಪ್ಪಬೇಕು, ಆರು ತಿಂಗಳಿಗೊಮ್ಮೆ ಮತ್ತೆ ಒಪ್ಪಬೇಕು. ರೋಮಿನವರ ಹಳೆಯ ಆರು ತಿಂಗಳೇ ಇಲ್ಲಿಯೂ ಕಾಣಿಸಿಕೊಂಡಿರುವುದು ಕಾಕತಾಳೀಯವೇ ಇರಬಹುದು. ರೈಲಿನ ವಿಷಯಕ್ಕೆ ರೈಲ್ವೆಯವರಿಗೇ ದೂರು ಬರೆಯಿರಿ.

ಮನೆಯಲ್ಲಿ ಕನ್ನಡ, ಹೊರಗೆ ತಮಿಳು. ತಮಿಳು ಮಾತಾಡುತ್ತೇನೆ, ಆದರೆ ಸಭೆಯಲ್ಲಿ ಎದ್ದು ನಿಂತರೆ ತಡವರಿಸುತ್ತದೆ, ಬರೆಯಲು ಬಾರದು. ಗ್ರಾಮಸಭೆಯಲ್ಲಿ ನೀರಿನ ವಿಷಯ ಕೇಳಬೇಕೆಂದು ಹೋಗಿ ಸುಮ್ಮನೆ ಕೂತು ಬಂದೆ. ಹೊರಗಿನವಳು ಅಂದಾರೆಂಬ ಅಂಜಿಕೆ.
– ಓದುಗರು, ಕಂಬೈನಲ್ಲೂರು ಹತ್ತಿರ

ಹೋಗಿ ಕೂತಿರಲ್ಲ, ಅದೇ ಅರ್ಧ ಕೆಲಸ. ನೊಳಂಬ ಅರಸರ ಕಾಲದ ಕನ್ನಡ ಶಾಸನಗಳಿರುವ ಸೀಮೆ ನಿಮ್ಮದು. ಅಲ್ಲಿ ನೀವು ಹೊರಗಿನವರಲ್ಲ. ಹಾಗೆಂದು ಸಭೆಯಲ್ಲಿ ಶಾಸನದ ಮಾತು ಎತ್ತಬೇಡಿ. ನೀರಿನ ಮಾತು ಆಡಿ, ತಡವರಿಸುವ ತಮಿಳಿನಲ್ಲೇ ಆಡಿ. ನಿಮ್ಮ ತಮಿಳು ನೆರೆಯವರಿಗೆ ದಿನವೂ ಅರ್ಥವಾಗುತ್ತದೆ, ಅಂದೂ ಆಗುತ್ತದೆ.

ರೋಮಿನ ಕಥೆಯಲ್ಲಿ ಇದಕ್ಕೂ ಒಂದು ಪುಟವಿದೆ. ಇಟಲಿಯ ನೆರೆಯ ಜನ ತಲೆಮಾರುಗಟ್ಟಲೆ ರೋಮಿಗಾಗಿ ಯುದ್ಧ ಮಾಡಿದರು, ಆದರೆ ರೋಮಿನಲ್ಲಿ ಅವರಿಗೆ ಓಟಿರಲಿಲ್ಲ. ಕೇಳಿದರು, ಕೊಡಲಿಲ್ಲ. ಕ್ರಿ.ಪೂ. 91ರಲ್ಲಿ ದಂಗೆ ಎದ್ದಿತು. ಅಪಾರ ಸಾವುನೋವಿನ ನಡುವೆ, ಮರುವರ್ಷ, ಮೊದಲೇ ಕೊಡಬಹುದಾಗಿದ್ದ ಪೌರತ್ವವನ್ನು ಕೊಡತೊಡಗಿದರು. ಆ ಯುದ್ಧದಲ್ಲಿ ಪಳಗಿದ ಸೈನ್ಯವನ್ನೇ ಸುಲ್ಲಾ ರೋಮಿನ ಮೇಲೆ ನಡೆಸಿದ್ದು.

ನಮ್ಮ ಸಂವಿಧಾನ ಬರೆದವರು ಈ ಬಾಗಿಲನ್ನು ಮೊದಲೇ ತೆರೆದಿಟ್ಟರು. 350ನೇ ವಿಧಿಯ ಪ್ರಕಾರ ಯಾವುದೇ ವ್ಯಕ್ತಿ ತನ್ನ ಕುಂದುಕೊರತೆಯ ಅರ್ಜಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗೇ ಆಗಲಿ, ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೇ ಆಗಲಿ ಕೊಡಬಹುದು. ಎಂದರೆ ಕನ್ನಡದಲ್ಲೂ ಕೊಡಬಹುದು. ಆದರೂ ನನ್ನ ಸಲಹೆ: ಕನ್ನಡದಲ್ಲಿ ನೀವೇ ಬರೆಯಿರಿ, ಶಾಲೆಗೆ ಹೋಗುವ ಮಕ್ಕಳಿಂದ ತಮಿಳಿನಲ್ಲಿ ಒಂದು ಪ್ರತಿ ಬರೆಸಿ, ಎರಡನ್ನೂ ಸೇರಿಸಿ ಕೊಡಿ. ಓದುವವರಿಗೆ ನೆಪ ಉಳಿಯಬಾರದು.

ತಮಿಳುನಾಡಿನಲ್ಲಿ ಗ್ರಾಮಸಭೆ ಸೇರುವ ದಿನಗಳು ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1. ಪ್ರೆಸಿಡೆಂಟರಿಲ್ಲದ ಕಾಲದಲ್ಲೂ ನೀವು ಹೋಗಿ, ಜೊತೆಗೆ ಪಕ್ಕದ ಮನೆಯವರೊಬ್ಬರನ್ನು ಕರೆದುಕೊಳ್ಳಿ. ನಿಮ್ಮ ಮಾತು ನಿರ್ಣಯದ ಪುಸ್ತಕದಲ್ಲಿ ಬರೆಯಲ್ಪಟ್ಟಿತೇ ಎಂದು ನೋಡಿಯೇ ಸಹಿ ಹಾಕಿ. ಅಲ್ಲಿ ಕೆಲಸ ಆಗದಿದ್ದರೆ ಸೋಮವಾರ ಕಲೆಕ್ಟರ್ ಕಚೇರಿಯಲ್ಲಿ ನಡೆಯುವ ಕುಂದುಕೊರತೆ ದಿನಕ್ಕೆ ಧರ್ಮಪುರಿಗೆ ಹೋಗಿ ಅರ್ಜಿ ಕೊಡಿ. ಸ್ವೀಕೃತಿ ಚೀಟಿ ತೆಗೆದುಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ.